ಎರಡನೇ ಡಿಕಾಕ್ಷನ್ನಿನ ಪಾಲು

ಲಂಡನ್ನಿನ ಕಾರ್ನ್‌ಹಿಲ್ ಬೀದಿಯಿಂದ ಒಳಕ್ಕೆ ತಿರುಗುವ ಸೇಂಟ್ ಮೈಕೆಲ್ಸ್ ಓಣಿಯಲ್ಲಿ, ಈ ನಗರದ ಮೊದಲ ಕಾಫಿ ಅಂಗಡಿ ಇದೇ ಜಾಗದಲ್ಲಿತ್ತೆಂದು ತಿಳಿಸುವ ಫಲಕವೊಂದಿದೆ. 1652ರಲ್ಲಿ ಪಾಸ್ಕ್ವಾ ರೋಸೆ ಎಂಬಾತ ಅದನ್ನು ತೆರೆದಿದ್ದ. ಈಗ ಅಲ್ಲಿರುವುದು ಮದ್ಯದಂಗಡಿ. ಊರಿನಿಂದ ಬಂದ ನೆಂಟರನ್ನು ಅಲ್ಲಿಗೆ ಕರೆದುಕೊಂಡು ಹೋದಾಗಲೆಲ್ಲ ಬಾಬಾಬುಡನ್ ಏಳು ಬೀಜ ತಂದ ಕಥೆ ಬಂದೇ ಬರುತ್ತದೆ, ಕಾಫಿ ಮೊದಲು ನಮ್ಮದೋ ಇವರದೋ ಎಂಬ ಚರ್ಚೆಯಲ್ಲಿ ಅರ್ಧ ಗಂಟೆ ಕಳೆಯುತ್ತದೆ. ನನ್ನ ಕುತೂಹಲ ಬೇರೆ. ವರ್ತಕರು ಒಂದು ಪೆನ್ನಿ ಕೊಟ್ಟು ಒಳಗೆ ಕುಳಿತು ಕಾಫಿ ಹೀರುತ್ತಿದ್ದಾಗ, ಅವರ ಮೂಟೆಗಳನ್ನು ಹಡಗುಕಟ್ಟೆಯಿಂದ ಹೊತ್ತು ತಂದವನು ಏನು ಕುಡಿಯುತ್ತಿದ್ದ?

ಆ ಕಾಲದ ಇಂಗ್ಲೆಂಡಿನಲ್ಲಿ ನೀರು ಹೊಲಸಾಗಿತ್ತು, ಆದ್ದರಿಂದ ಯಾರೂ ನೀರು ಕುಡಿಯುತ್ತಿರಲಿಲ್ಲ ಎಂಬ ಮಾತನ್ನು ಇಲ್ಲಿನವರೂ ಸುಲಭವಾಗಿ ಹೇಳಿಬಿಡುತ್ತಾರೆ. ಅದು ಪೂರ್ತಿ ನಿಜವಲ್ಲ. ಹರ್ಟ್‌ಫರ್ಡ್‌ಷೈರಿನ ಬುಗ್ಗೆಗಳ ನೀರನ್ನು ಲಂಡನ್ನಿಗೆ ಹರಿಸುವ ಕಾಲುವೆ 1613ರಲ್ಲೇ ಬಂದಿತ್ತು, ಅದಕ್ಕೂ ಶತಮಾನಗಳ ಮೊದಲಿನಿಂದ ಚೀಪ್‌ಸೈಡಿನಲ್ಲಿ ಊರಿನವರು ನೀರು ಹಿಡಿಯುವ ತೊಟ್ಟಿಯಿತ್ತು. ಜನ ನೀರನ್ನೂ ಕುಡಿಯುತ್ತಿದ್ದರು. ಆದರೆ ಮೈ ಮುರಿದು ದುಡಿಯುವವನಿಗೆ ನೀರಿನಿಂದ ಹೊಟ್ಟೆ ತುಂಬದು ಎಂಬ ನಂಬಿಕೆ ಗಟ್ಟಿಯಾಗಿತ್ತು. ಅವನಿಗೆ ಬೇಕಾದದ್ದು ಬಿಯರ್, ಮತ್ತು ಆ ಬಿಯರ್ ತಯಾರಾಗುತ್ತಿದ್ದ ಕ್ರಮದಲ್ಲಿಯೇ ಆ ಸಮಾಜದ ಮೇಲು ಕೀಳುಗಳೆಲ್ಲ ಕಾಣಿಸುತ್ತವೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ನುಚ್ಚು ಮಾಡಿ ಬಿಸಿನೀರಿನಲ್ಲಿ ನೆನೆಹಾಕಿ ಬಸಿದರೆ ಸಿಗುವ ಮೊದಲ ರಸ ಗಟ್ಟಿಯಾದದ್ದು, ಅದರಿಂದ ಕಡುವಾದ ಬಿಯರ್ ಆಗುತ್ತದೆ. ಅದೇ ನುಚ್ಚಿಗೆ ಎರಡನೇ ಸಲ, ಕೆಲವೊಮ್ಮೆ ಮೂರನೇ ಸಲವೂ ನೀರು ಹುಯ್ದು ಬಸಿದದ್ದು 'ಸ್ಮಾಲ್ ಬಿಯರ್', ಅಂದರೆ ಅಮಲು ಹೆಸರಿಗಷ್ಟೇ ಇರುವ ತೆಳು ಪಾನೀಯ. ಮೊದಲನೆಯದು ಯಜಮಾನನ ಅತಿಥಿಗಳಿಗೆ. ಕಡೆಯದು ಆಳುಗಳಿಗೆ, ಮನೆಗೆಲಸದ ಹುಡುಗಿಯರಿಗೆ, ಮಕ್ಕಳಿಗೆ.

ಇದನ್ನು ಮೊದಲ ಸಲ ಓದಿದಾಗ ನನಗೆ ಹಾಸನದ ಕಡೆಯ ನಮ್ಮ ಅಜ್ಜಿಯ ಮನೆಯ ಹಿತ್ತಾಳೆ ಫಿಲ್ಟರ್ ಕಣ್ಣ ಮುಂದೆ ಬಂತು. ಬೆಳಗಿನ ಜಾವ ಇಳಿದ ಮೊದಲ ಡಿಕಾಕ್ಷನ್ ತಾತನಿಗೆ ಮತ್ತು ಜಗಲಿಯಲ್ಲಿ ಕುಳಿತವರಿಗೆ. ಅದೇ ಚರಟದ ಮೇಲೆ ಮತ್ತೆ ಕುದಿನೀರು ಸುರಿದು ಇಳಿಸಿದ ಎರಡನೆಯದು, ಒಂದಿಷ್ಟು ಹಾಲು ತೋರಿಸಿ ಬೆಲ್ಲ ಹಾಕಿದ್ದು, ಹಿತ್ತಿಲ ಬಾಗಿಲಿಗೆ. ಅಜ್ಜಿ ಜಿಪುಣಿಯಲ್ಲ, ಕೈತುಂಬ ಬಡಿಸುವವಳು. ಆದರೂ ಯಾವ ಲೋಟಕ್ಕೆ ಯಾವ ಡಿಕಾಕ್ಷನ್ ಎಂಬುದರಲ್ಲಿ ಅವಳ ಕೈ ಒಂದು ದಿನವೂ ತಪ್ಪಿದ್ದನ್ನು ನಾನು ಕಾಣೆ.

ಇಂಗ್ಲೆಂಡಿನ ದುಡಿಯುವವರೆಲ್ಲ ತೆಳು ಬಿಯರಿಗೇ ತೃಪ್ತರಾಗಿದ್ದರೆಂದೂ ಅಲ್ಲ. ಕೈಯಲ್ಲಿ ಕಾಸಿದ್ದ ಕುಶಲಕರ್ಮಿಗಳು ಕಡುವಾದದ್ದನ್ನೇ ಕೊಂಡು ಕುಡಿಯುತ್ತಿದ್ದರು. 1725–26ರಲ್ಲಿ ಲಂಡನ್ನಿನ ಮುದ್ರಣಾಲಯದಲ್ಲಿ ಕೆಲಸಕ್ಕಿದ್ದ, ಮುಂದೆ ಅಮೆರಿಕದ ಮುತ್ಸದ್ದಿಯೆಂದು ಹೆಸರಾದ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಸಹೋದ್ಯೋಗಿಯೊಬ್ಬನ ದಿನಚರಿಯನ್ನು ಬರೆದಿಟ್ಟಿದ್ದಾನೆ: ತಿಂಡಿಗೆ ಮೊದಲು ಒಂದು ಪೈಂಟ್, ತಿಂಡಿಯ ಜೊತೆ ಒಂದು, ತಿಂಡಿಗೂ ಊಟಕ್ಕೂ ನಡುವೆ ಒಂದು, ಊಟಕ್ಕೊಂದು, ಸಂಜೆ ಆರಕ್ಕೊಂದು, ಕೆಲಸ ಮುಗಿದ ಮೇಲೊಂದು. ಒಟ್ಟು ಆರು ಪೈಂಟ್, ಅಂದರೆ ಹತ್ತಿರ ಹತ್ತಿರ ಮೂರೂವರೆ ಲೀಟರು. ನೀರು ಕುಡಿಯುತ್ತಿದ್ದ ಫ್ರಾಂಕ್ಲಿನ್‌ನನ್ನು ಜೊತೆಯ ಕೆಲಸಗಾರರು 'ನೀರಿನ ಅಮೆರಿಕನ್' ಎಂದು ಗೇಲಿ ಮಾಡುತ್ತಿದ್ದರು. ಇವನೋ ಅವರು ಎರಡು ಕೈಯಲ್ಲಿ ಒಂದನ್ನು ಹೊರುತ್ತಿದ್ದ ಅಚ್ಚುಮೊಳೆಗಳ ಚೌಕಟ್ಟನ್ನು ಕೈಗೊಂದರಂತೆ ಎರಡು ಹೊತ್ತು ಮೆಟ್ಟಿಲು ಹತ್ತುತ್ತಿದ್ದ. ಕಡೆಗೆ ಅವರಲ್ಲಿ ಕೆಲವರು ಬೆಳಗಿನ ಬಿಯರ್ ಬಿಟ್ಟು ಅವನಂತೆಯೇ ಕಾಳುಮೆಣಸಿನ ಪುಡಿ ಉದುರಿಸಿದ, ಒಂದು ತುಣುಕು ಬೆಣ್ಣೆ ಹಾಕಿದ ಬಿಸಿ ಗಂಜಿ ಕುಡಿಯಲು ಶುರುಮಾಡಿದರಂತೆ, ಅದೂ ಒಂದು ಪೈಂಟ್ ಬಿಯರಿನ ಬೆಲೆಗೆ. ಅಂಬಲಿ ಕುಡಿದು ಹೊಲಕ್ಕೆ ಹೋಗುತ್ತಿದ್ದ ನಮ್ಮ ಊರಿನವರಿಗೆ ಈ ಕಥೆ ಹೇಳಿದರೆ, ಇದನ್ನು ಹೇಳಿಕೊಡಲು ಅಮೆರಿಕದವನೇ ಬರಬೇಕಾಯಿತೇ ಎಂದು ನಕ್ಕಾರು.

ಮೇಲಿನವರ ಪಾನೀಯವನ್ನು ಅವರ ನಾಲಗೆಗಿಂತ ಸರ್ಕಾರದ ಸುಂಕವೇ ನಿರ್ಧರಿಸುತ್ತಿತ್ತು. 1703ರ ಒಪ್ಪಂದದಂತೆ ಪೋರ್ಚುಗಲ್ಲಿನ ದ್ರಾಕ್ಷಾರಸಕ್ಕೆ ಫ್ರಾನ್ಸಿನದಕ್ಕಿಂತ ಮೂರನೇ ಒಂದು ಪಾಲು ಕಡಿಮೆ ಸುಂಕ ಬಿದ್ದದ್ದರಿಂದ ಹಳ್ಳಿಯ ಜಮೀನುದಾರ ಪೋರ್ಚುಗಲ್ಲಿನ 'ಪೋರ್ಟ್' ಕುಡಿದ, ಬೆಲೆ ಕೇಳಬೇಕಾಗಿಲ್ಲದ ಶ್ರೀಮಂತ ಫ್ರಾನ್ಸಿನದನ್ನೇ ಕುಡಿದ. ಚಹಾ ಎಷ್ಟು ದುಬಾರಿಯಾಗಿತ್ತೆಂದರೆ ಅದರ ಪೆಟ್ಟಿಗೆಗೆ ಬೀಗವಿರುತ್ತಿತ್ತು, ಬೀಗದ ಕೈ ಮನೆಯೊಡತಿಯ ಬಳಿ ಇರುತ್ತಿತ್ತು. ಒಮ್ಮೆ ಕುದಿಸಿದ ಸೊಪ್ಪನ್ನು ಕೆಲಸದವರು ಒಣಗಿಸಿ ಮಾರುತ್ತಿದ್ದರು; ಅಲ್ಲಿಯೂ ಅದೇ ಎರಡನೇ ಸಲದ ಕಷಾಯ. 1784ರಲ್ಲಿ ಚಹಾದ ಮೇಲಿನ ಸುಂಕ ಶೇಕಡಾ 119ರಿಂದ 12.5ಕ್ಕೆ ಇಳಿದ ಮೇಲೆ ಬಡವರ ಕೇರಿಗೂ ಚಹಾ ಧಾರಾಳವಾಗಿ ನುಗ್ಗಿತು.

ಬಡವರು ಚಹಾ ಮುಟ್ಟಿದ್ದೇ ತಡ, ಉಪದೇಶಕರು ಎದ್ದು ನಿಂತರು. ಜೋನಾಸ್ ಹ್ಯಾನ್ವೇ ಎಂಬ ವರ್ತಕ 1756ರಲ್ಲೇ ಚಹಾ ದೇಶವನ್ನು ದುರ್ಬಲಗೊಳಿಸುತ್ತದೆಂದು ಬರೆದಿದ್ದ. ದಿನವಿಡೀ ಚಹಾ ಕುಡಿಯುತ್ತಿದ್ದ ಸಾಹಿತಿ ಸ್ಯಾಮ್ಯುಯೆಲ್ ಜಾನ್ಸನ್ ಅವನನ್ನು ಚೆನ್ನಾಗಿಯೇ ಜಾಡಿಸಿದ. ಆದರೆ ನನಗೆ ಹಿಡಿಸುವ ಉತ್ತರ ಅವನದಲ್ಲ, ಬರ್ಕ್‌ಷೈರಿನ ಬಾರ್ಕ್‌ಹ್ಯಾಮ್ ಎಂಬ ಹಳ್ಳಿಯ ಪಾದ್ರಿ ಡೇವಿಡ್ ಡೇವೀಸ್ 1795ರಲ್ಲಿ ಕೊಟ್ಟದ್ದು. ಕೂಲಿಯವರ ಮನೆಮನೆಯ ಖರ್ಚು ವೆಚ್ಚ ಕೇಳಿ ಬರೆದುಕೊಂಡಿದ್ದ ಈತ, ಅವರು ಕುಡಿಯುವ ಚಹಾ ಎಂದರೆ ಬುಗ್ಗೆಯ ನೀರಿಗೆ ಅತಿ ಅಗ್ಗದ ನಾಲ್ಕು ಎಲೆ ಹಾಕಿ ಬಣ್ಣ ಬರಿಸಿ, ಕಂದು ಸಕ್ಕರೆ ಬೆರೆಸಿದ್ದು ಅಷ್ಟೇ ಎಂದ. ಮಾಲ್ಟಿನ, ಅಂದರೆ ಬಿಯರಿಗೆ ಬೇಕಾದ ಆ ಮೊಳಕೆ ಬಾರ್ಲಿಯ, ಮೇಲೆ ತೆರಿಗೆ ಏರಿ ಬಿಯರ್ ಕೈಗೆ ಸಿಗದಾಗಿತ್ತು, ಹಾಲೂ ದಕ್ಕುತ್ತಿರಲಿಲ್ಲ, ಒಣ ರೊಟ್ಟಿ ಗಂಟಲಲ್ಲಿ ಇಳಿಯಲು ಉಳಿದದ್ದು ಅದೊಂದೇ. ಚಹಾ ಅವರ ಕಷ್ಟಕ್ಕೆ ಕಾರಣವಲ್ಲ, ಕಷ್ಟದ ಫಲ ಎಂದು ಆತ ಬರೆದ. ಬಡವನ ಲೋಟದಲ್ಲಿ ಏನಿದೆಯೆಂದು ಇಣುಕಿ ನೋಡುವವರು ಅದು ಅಲ್ಲಿಗೆ ಹೇಗೆ ಬಂತೆಂದು ಕೇಳುವುದಿಲ್ಲ. ಬಡವರ ಮದ್ಯವಾಗಿದ್ದ ಜಿನ್ ವಿಷಯದಲ್ಲೂ ಹೀಗೆಯೇ ಆಯಿತು: ಜಮೀನುದಾರರ ಧಾನ್ಯ ಖರ್ಚಾಗಲೆಂದು ಬಟ್ಟಿ ಇಳಿಸುವುದಕ್ಕೆ 1690ರಿಂದ ಉತ್ತೇಜನ ಕೊಟ್ಟ ಪಾರ್ಲಿಮೆಂಟೇ 1736ರಲ್ಲಿ ಜಿನ್ ಮಾರಲು 50 ಪೌಂಡಿನ ಪರವಾನಗಿ ಬೇಕೆಂದು ಕಾನೂನು ಮಾಡಿತು. ನಮ್ಮಲ್ಲಿ 2007ರಲ್ಲಿ ಸಾರಾಯಿ ನಿಂತಾಗಲೂ ಬಾಟಲಿಯ ಮದ್ಯ ಮುಂದುವರಿಯಿತಲ್ಲ!

ಆದರೂ ಎರಡು ಕಡೆಯ ರೀತಿಯಲ್ಲಿ ಒಂದು ವ್ಯತ್ಯಾಸವಿದೆ, ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಇಂಗ್ಲೆಂಡಿನ ಮದ್ಯದಂಗಡಿಯಲ್ಲಿ ಒಂದೇ ಪಾತ್ರೆ ಕೈಯಿಂದ ಕೈಗೆ ಸಾಗುತ್ತಿತ್ತು, ಎಂಜಲಿನ ಮಾತಿರಲಿಲ್ಲ. ಅಲ್ಲಿ ಬೇರೆಯಾಗುತ್ತಿದ್ದದ್ದು ಪಾನೀಯ, ಅದೂ ಕಾಸಿದ್ದಷ್ಟು. ನಮ್ಮಲ್ಲಿ ಲೋಟವೇ ಬೇರೆ: ಹಿತ್ತಿಲ ಗೋಡೆಯ ಗೂಡಿನಲ್ಲಿ ಬೋರಲು ಹಾಕಿಟ್ಟ ಲೋಟ, ಕುಡಿದವರೇ ತೊಳೆದಿಡಬೇಕಾದ ಲೋಟ. ಅದರಲ್ಲಿ ಮೊದಲ ಡಿಕಾಕ್ಷನ್ ಹುಯ್ದರೂ ಅದು ಜಗಲಿಗೆ ಬರುವಂತಿರಲಿಲ್ಲ.

ಇಲ್ಲಿ ನಮ್ಮ ಮನೆಯಲ್ಲಿ ಕೆಲಸದವರಿಲ್ಲ. ಎರಡನೇ ಡಿಕಾಕ್ಷನ್ ಸಂಜೆ ನನಗೇ ಆಗುತ್ತದೆ. ಕಳೆದ ಬೇಸಿಗೆಯಲ್ಲಿ ಬಂದಿದ್ದ ಅಮ್ಮ, ನಾನು ಆ ತೆಳು ಕಾಫಿಯನ್ನು ಲೋಟಕ್ಕೆ ಬಗ್ಗಿಸಿಕೊಳ್ಳುವುದನ್ನು ನೋಡಿ ಅಡುಗೆಮನೆಯಿಂದಲೇ ಕೂಗಿದಳು: "ಅದನ್ಯಾಕೋ ನೀನು ಕುಡೀತೀಯ, ಚೆಲ್ಲೋ!"