‘ಪೀಪಲ್’ ಅಂದರೆ ಯಾರಮ್ಮಾ?

ಅವಳು ನಮ್ಮವಳೇ, ಕ್ಯಾಲಿಫೋರ್ನಿಯಾದ ಈ ಸಾರಟೋಗದಲ್ಲಿ ನಮ್ಮ ಬೀದಿಯಲ್ಲೇ ಇರುವ ಕನ್ನಡದವಳು. ಅದೇ ನನಗೆ ಅರಗುತ್ತಿಲ್ಲ. ಬೇರೆ ಯಾರಾದರೂ ಬಂದು ಹೇಳಿದ್ದರೆ ‘ಪಾಪ, ಅವರಿಗೇನು ಗೊತ್ತು’ ಅಂತ ಬಿಟ್ಟುಬಿಡುತ್ತಿದ್ದೆ. ಇವಳಿಗೆ ಗೊತ್ತು. ಗೊತ್ತಿದ್ದೂ ನಮ್ಮ ಮನೆ ಮುಂದಿನ ಡ್ರೈವ್‌ವೇ ಮೇಲೆ ಹಾಸಿದ್ದ ಪ್ಲಾಸ್ಟಿಕ್ ಹಾಳೆಗೆ ಬೆರಳು ತೋರಿಸಿ ‘ವಾಟ್ ಈಸ್ ದಿಸ್?’ ಅಂದಳು.

ಸಬ್ಬಕ್ಕಿ ಸಂಡಿಗೆ ಕಣೇ! ನಿಮ್ಮಜ್ಜಿ ತಾರಸಿ ಮೇಲೆ ಹಾಕುತ್ತಿರಲಿಲ್ವಾ? ಇದನ್ನು ಅಲ್ಲಿ ಹೇಳಲಿಲ್ಲ. ಈಗ ಇಲ್ಲಿ ಕೂತು ಹೇಳುತ್ತಿದ್ದೇನೆ, ದೊಡ್ಡ ಶೂರಳ ಹಾಗೆ.

ಅತ್ತೆ ಬೆಳಿಗ್ಗೆ ಬೇಗ ಎದ್ದು ಗಂಜಿ ಕಾಯಿಸಿದ್ದರು. ಹಸಿಮೆಣಸಿನಕಾಯಿ, ಜೀರಿಗೆ, ನಿಂಬೆರಸ, ಇಂಗು. ಒಂದೊಂದೇ ಸೌಟು, ಒಂದಕ್ಕೊಂದು ತಾಗದ ಹಾಗೆ, ಸಾಲಾಗಿ. ಹಿತ್ತಲಿನಲ್ಲಿ ಹಾಕೋಣ ಅಂದರೆ ಓಕ್ ಮರದ ನೆರಳು. ಆ ಮರ ಕಡಿಯಬೇಕಾದರೆ ಊರಿನ ಪರ್ಮಿಟ್ ಬೇಕು. ಹಾಗಾಗಿ ಡ್ರೈವ್‌ವೇ. ಅಳಿಲು ಓಡಿಸಲು ಮಡಿಚುವ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದು ಅವರೇ ಕಾವಲು ಕೂತರು. ಇಲ್ಲಿಗೆ ಬಂದಮೇಲೆ ಅವರ ಮುಖದಲ್ಲಿ ಅಷ್ಟು ಗೆಲುವು ನಾನು ನೋಡಿರಲಿಲ್ಲ. ಇನ್ನೇನು ಮಾಡುತ್ತಾರೆ? ವಾಕಿಂಗ್ ಹೋಗೋಣ ಅಂದರೆ ನಮ್ಮ ರಸ್ತೆಗೆ ಫುಟ್‌ಪಾತ್ ಇಲ್ಲ. ಫುಟ್‌ಪಾತ್ ಇಲ್ಲದಿರುವುದೇ ಇಲ್ಲಿನ ಅಂದವಂತೆ.

ಅವಳು ನಾಯಿ ಹಿಡಿದುಕೊಂಡು ಫೋನಲ್ಲಿ ‘ಆಮೇಲೆ ಮಾಡ್ತೀನಿ ಇರು’ ಅನ್ನುತ್ತಾ ಬಂದಳು. ಅಷ್ಟು ಕಿವಿಗೆ ಬಿದ್ದದ್ದೇ ತಡ, ಅತ್ತೆ ಎದ್ದು ನಿಂತರು. ಮಂಡಿನೋವು ಅಂತ ದಿನಾ ನರಳುವವರು, ಎದ್ದೇ ನಿಂತರು. ‘ಅಯ್ಯೋ, ನಮ್ಮ ಕಡೆಯವರೇನಮ್ಮಾ? ಬಾ ಒಳಗೆ, ಕಾಫಿ ಕುಡಿದು ಹೋಗುವೆಯಂತೆ’ ಅಂದರು.

ಅವಳು ಅತ್ತೆಗೆ ಹಲ್ಲು ಕಾಣುವ ಹಾಗೆ ಒಂದು ನಗು ಕೊಟ್ಟಳು. ಆಮೇಲೆ ಅವರ ತಲೆಯ ಮೇಲಿಂದ ನನ್ನನ್ನು ನೋಡಿ, ಇಂಗ್ಲಿಷಿನಲ್ಲಿ ಶುರುಮಾಡಿದಳು. ನನಗೇನೂ ತೊಂದರೆ ಇಲ್ಲ, ಆದರೆ ‘ಪೀಪಲ್ ಆರ್ ಆಸ್ಕಿಂಗ್’, ಜನ ಕೇಳ್ತಿದ್ದಾರೆ ಅಂದಳು. ಯಾರೋ ಫೋಟೋ ತೆಗೆದು, ಬಿಸಿಲಿಗೆ ಹೀಗೆ ಹರವುವುದು ಅಸಹ್ಯ ಅಂತ ಬೀದಿಯವರ ಗ್ರೂಪಿಗೂ ಹಾಕಿದ್ದಾರಂತೆ. ನೀವು ಬಾಡಿಗೆಗೆ ಇರೋರಲ್ವಾ, ಓನರ್‌ಗೆ ಹೋದರೆ ಸುಮ್ನೆ ಯಾಕೆ? ಅತ್ತೆ ಅಲ್ಲೇ ನಿಂತಿದ್ದರು, ಒಮ್ಮೆ ಅವಳ ಬಾಯಿ, ಒಮ್ಮೆ ನನ್ನ ಬಾಯಿ ನೋಡುತ್ತಾ. ಒಂದು ಮಾತು, ಒಂದೇ ಒಂದು ಮಾತು ಕನ್ನಡದಲ್ಲಿ ಅವರಿಗೆ ಹೇಳಿದ್ದರೆ ಇವಳ ಗಂಟು ಏನು ಹೋಗುತ್ತಿತ್ತು?

ನಾನೇನು ಮಾಡಿದೆ ಗೊತ್ತಾ? ‘ಸಾರಿ, ಸೋ ಸಾರಿ, ಈಗಲೇ ತೆಗೀತೀವಿ’ ಅಂದೆ. ಆಫೀಸಿನಲ್ಲಿ ಹದಿನೈದು ಜನರ ಟೀಮ್ ನಡೆಸುತ್ತೇನೆ ಸ್ವಾಮೀ ನಾನು! ಮೀಟಿಂಗಿನಲ್ಲಿ ವೈಸ್ ಪ್ರೆಸಿಡೆಂಟ್ ಮಾತನ್ನೇ ತಡೆದವಳು. ಇಲ್ಲಿ, ನೈಟಿ ಮೇಲೆ ಜಾಕೆಟ್ ಹಾಕಿಕೊಂಡು, ಸಂಡಿಗೆ ಪರವಾಗಿ ಒಂದು ಮಾತು ಹೊರಡಲಿಲ್ಲ.

‘ಏನಂದಳು?’ ಅಂತ ಅತ್ತೆ ಕೇಳಿದರು. ‘ಚೆನ್ನಾಗಿದೆ ಅಂದಳು, ಅಳಿಲು ಕಾಟ ಜಾಸ್ತಿಯಂತೆ, ಒಳಗೆ ಇಡಿ ಅಂದಳು’ ಅಂದೆ. ‘ಒಳ್ಳೆ ಹುಡುಗಿ, ಒಣಗಿದ ಮೇಲೆ ಅವಳಿಗೂ ಒಂದು ಡಬ್ಬಿ ಕೊಡು’ ಅಂದರು. ಹೇಳಿ, ನಾನು ಎಲ್ಲಿ ಹೋಗಿ ತಲೆ ಚಚ್ಚಿಕೊಳ್ಳಲಿ?

ಸರಿ, ಈಗ ನನಗೆ ಉತ್ತರ ಬೇಕು. ಯಾರು ಈ ‘ಪೀಪಲ್’? ಸಾರಟೋಗದಲ್ಲಿ ಇರುವುದೇ 31 ಸಾವಿರ ಜನ. 2020ರ ಜನಗಣತಿ ಪ್ರಕಾರ ಹೆಚ್ಚುಕಡಿಮೆ ಅರ್ಧದಷ್ಟು ಏಷ್ಯಾ ಮೂಲದವರು. ಅರ್ಧ ಊರು ನಾವೇ ಅಲ್ವಾ! ಯಾರಿಗೆ ಹೆದರಿ ಯಾರು ಯಾರನ್ನು ಗದರಿಸುತ್ತಿದ್ದೇವೆ? ಆ ಫೋಟೋ ಹಾಕಿದವರು ಇದನ್ನು ಓದುತ್ತಿದ್ದರೆ ದಯವಿಟ್ಟು ಮುಖ ತೋರಿಸಿ.

ಬಿಸಿಲಿನಲ್ಲಿ ಒಣಗಿಸುವುದು ಅಸಹ್ಯವಂತೆ. ಈ ಸಿಲಿಕಾನ್ ಕಣಿವೆಯೇ ಹಣ್ಣು ಒಣಗಿಸಿ ಬದುಕಿದ್ದು ಮಾರಾಯ್ರೇ! ಕಂಪ್ಯೂಟರ್ ಚಿಪ್ ತಯಾರಿಸುವ ಮೊದಲು ಇಲ್ಲೆಲ್ಲಾ ಪ್ರೂನ್, ಏಪ್ರಿಕಾಟ್ ತೋಟ. ಏಪ್ರಿಕಾಟನ್ನು ಎರಡು ಹೋಳು ಮಾಡಿ, ಗಂಧಕದ ಹೊಗೆ ಕೊಟ್ಟು, ಮರದ ತಟ್ಟೆಗಳಲ್ಲಿ ಹರವಿ ಬಯಲಿಗೆ ಇಡುತ್ತಿದ್ದರು, ಎಕರೆಗಟ್ಟಲೆ. ಆ ತೋಟಗಳ ಹೂವಿಗೆ 1900ರಲ್ಲಿ ಹಬ್ಬವನ್ನೇ ಶುರುಮಾಡಿದ ಊರು ಇದು. 1956ರಲ್ಲಿ ಸ್ಯಾನ್ ಹೋಸೆ ನುಂಗಿಬಿಡುತ್ತದೆ ಅಂತ ಬೇರೆ ಊರಾದದ್ದೂ ಹಳ್ಳಿಯ ಕಳೆ ಉಳಿಯಲಿ ಅಂತಲೇ. ಲೈಬ್ರರಿ ಪಕ್ಕದ ತೋಟವನ್ನು ಪರಂಪರೆ ಅಂತ ಇವತ್ತಿಗೂ ಕಾಪಾಡಿಕೊಂಡಿದ್ದಾರೆ. ಅವರ ಏಪ್ರಿಕಾಟ್ ಪರಂಪರೆ, ನಮ್ಮ ಸಂಡಿಗೆ ಕಂಪ್ಲೇಂಟ್.

ಬಾಡಿಗೆ ಕರಾರು ಪತ್ರ ಪೂರ್ತಿ ಓದಿದೆ. ಕಸದ ಡಬ್ಬಿ ಯಾವಾಗ ಹೊರಗೆ ಇಡಬೇಕು ಅಂತ ಇದೆ, ಕಾರು ಎಲ್ಲಿ ನಿಲ್ಲಿಸಬೇಕು ಅಂತ ಇದೆ. ಡ್ರೈವ್‌ವೇಯಲ್ಲಿ ಏನೂ ಒಣಗಿಸಬಾರದು ಅಂತ ಎಲ್ಲೂ ಇಲ್ಲ. ಇಲ್ಲಿ ಬರೆದಿಟ್ಟ ನಿಯಮದಿಂದ ತೊಂದರೆ ಇಲ್ಲ ಬಿಡಿ. ಯಾರೂ ಬೈಯುವುದಿಲ್ಲ, ಜಗಳಕ್ಕೆ ಬರುವುದಿಲ್ಲ. ‘ಜಸ್ಟ್ ಎ ಹೆಡ್ಸ್ ಅಪ್’, ಸುಮ್ನೆ ಮುಂಚೆ ತಿಳಿಸಿದೆ ಅನ್ನುತ್ತಾರೆ. ಅಷ್ಟೇ, ಕಥೆ ಮುಗಿಯಿತು. ನಮ್ಮ ವಠಾರದಲ್ಲಿ ಎದುರು ಮನೆಯವರು ಕೂಗಾಡುತ್ತಿದ್ದರು, ನಾವೂ ಕೂಗಾಡುತ್ತಿದ್ದೆವು, ಸಂಜೆಗೆ ಹುಳಿ ಬಟ್ಟಲು ಆ ಕಡೆಯಿಂದ ಈ ಕಡೆ ಬರುತ್ತಿತ್ತು.

ಅವಳ ಮೇಲೆ ಪೂರ್ತಿ ಸಿಟ್ಟೂ ಬರುತ್ತಿಲ್ಲ, ಅದು ಇನ್ನೊಂದು ಕರ್ಮ. ಸಾಧಾರಣ ಮನೆಗೇ 30 ಲಕ್ಷ ಡಾಲರ್ ದಾಟುವ ಊರಲ್ಲಿ ಸಾಲ ಮಾಡಿ ಕೊಂಡಿದ್ದಾಳೆ. ‘ಆ ಇಂಡಿಯನ್ನರ ಬೀದಿ’ ಅನ್ನಿಸಿಕೊಳ್ಳುವ ಭಯ ಅವಳಿಗೆ ನನಗಿಂತ ಜಾಸ್ತಿ ಇರಬೇಕು. ನಾವಾದರೂ ಮಗಳ ಸ್ಕೂಲಿಗೋಸ್ಕರ ಬಂದವರು, ಮುಗಿದರೆ ಗಂಟುಮೂಟೆ ಕಟ್ಟುವವರು. ಹೋಗಲಿ ಬಿಡು ಅಂದುಕೊಂಡೆ. ಬಿಟ್ಟೆ ಕೂಡ. ಆದರೆ ಅತ್ತೆಗೆ ಆ ನಗು ಕೊಟ್ಟಳಲ್ಲ, ಆ ನಗು! ಇಲ್ಲ, ಬಿಡುವುದಿಲ್ಲ.

ಗ್ಯಾರೇಜ್ ಬಾಗಿಲು ಅರ್ಧ ತೆಗೆದು ಒಳಗೇ ಒಣಗಿಸಿ ಅಂತ ನಮ್ಮವರ ಐಡಿಯಾ. ಅದಕ್ಕೆ ಅವರಿಗೂ ಬೈಗುಳ ಬಿತ್ತು. ಹಾಳೆ ಈಗ ಡೈನಿಂಗ್ ಟೇಬಲ್ ಮೇಲಿದೆ, ಸಂಡಿಗೆ ಇನ್ನೂ ಹಸಿ. ಈ ಊರುಗಳಲ್ಲಿ ಅತ್ತೆಯನ್ನೋ ಅಮ್ಮನನ್ನೋ ಕರೆಸಿಕೊಂಡವರು ಯಾರಾದರೂ ಇದ್ದರೆ ಹೇಳಿ, ನೀವೆಲ್ಲಾ ಎಲ್ಲಿ ಒಣಗಿಸುತ್ತೀರಿ? ಓವನ್ ಅಂತ ಮಾತ್ರ ಹೇಳಬೇಡಿ.