ಕಾರ್ಖಾನೆ ಕಟ್ಟುವ ಆಟದೊಳಗೆ ಯುದ್ಧ ಬೇಕೇ? ಪರ – ವಿರೋಧ

ಪರ: ಗುಂಡಿನ ಲೆಕ್ಕ ಕೇಳುವ ಯುದ್ಧ
(ಸಿದ್ದಾಪುರದ ಕಡೆಯ ಕಾಫಿ ತೋಟದಿಂದ)

1998ರ ಸ್ಟಾರ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಯುದ್ಧದಾಟದಲ್ಲಿ 50 ಮಿನರಲ್ (ಆಟದೊಳಗಿನ ದುಡ್ಡು) ತೆತ್ತರೆ ಬ್ಯಾರಕ್ಸ್‌ನಿಂದ, ಅಂದರೆ ಸೈನಿಕರ ಬಿಡಾರದಿಂದ, ಒಬ್ಬ ಮರೀನ್ ಸೈನಿಕ ಹೊರಗೆ ಬರುತ್ತಾನೆ. ಅವನ ಬಂದೂಕು ಎಲ್ಲಿ ತಯಾರಾಯಿತು, ಕಬ್ಬಿಣ ಯಾವ ಗಣಿಯದು, ಗುಂಡು ಅವನ ಕೈಗೆ ಹೇಗೆ ಬಂತು, ಯಾರೂ ಕೇಳುವುದಿಲ್ಲ. ಗುಂಡು ಮುಗಿಯುವುದೂ ಇಲ್ಲ. ರಿಯಲ್‌ಟೈಮ್ ಸ್ಟ್ರಾಟೆಜಿ ಆಟಗಳು, ಅಂದರೆ ಸರದಿ ಕಾಯದೆ ಎಲ್ಲರೂ ಒಟ್ಟಿಗೇ ಆಡುವ ಯುದ್ಧತಂತ್ರದ ಆಟಗಳು, ಬಹುಪಾಲು ಹೀಗೇ. ದುಡ್ಡು ಕೂಡಿಹಾಕು, ಸೈನ್ಯ ಇಳಿಸು, ಬೇಗ ಬೇಗ ಮೌಸ್ ಒತ್ತು. ಬೆರಳು ಚುರುಕಿದ್ದವನು ಗೆದ್ದ. ನಲವತ್ತು ದಾಟಿದ ನನ್ನಂಥವರು ಹೈಸ್ಕೂಲ್ ಹುಡುಗರ ಕೈಯಲ್ಲಿ ಏಟು ತಿನ್ನುವುದಕ್ಕೆ ಬೇರೆ ಕಾರಣ ಬೇಕಿಲ್ಲ.

ಕಾರ್ಖಾನೆ ಸೇರಿದರೆ ಲೆಕ್ಕ ಬದಲಾಗುತ್ತದೆ. ಇದು ಹೊಸ ಹುಚ್ಚೂ ಅಲ್ಲ. 1993ರ ‘ದಿ ಸೆಟ್ಲರ್ಸ್’ನಲ್ಲೇ ಗೋಧಿ ಬೆಳೆದು, ಹಿಟ್ಟು ಬೀಸಿ, ಬ್ರೆಡ್ ಮಾಡಿ ಗಣಿಯವರಿಗೆ ಉಣಿಸಬೇಕಿತ್ತು. ಆಮೇಲೆ ಅದಿರು, ಅದಿರಿನಿಂದ ಉಕ್ಕು, ಉಕ್ಕಿನಿಂದ ಕತ್ತಿ. ದಾರಿಯಲ್ಲೆಲ್ಲೋ ಸಾಮಾನು ಸಿಕ್ಕಿಕೊಂಡರೆ ಗಡಿಗೆ ಕಳಿಸಲು ಸೈನಿಕನೇ ಇಲ್ಲ. 1997ರ ಟೋಟಲ್ ಅನೈಹಿಲೇಷನ್‌ನಲ್ಲಿ ಲೋಹ ಮತ್ತು ವಿದ್ಯುತ್ತು ಸೆಕೆಂಡಿಗಿಷ್ಟು ಎಂದು ಹರಿದು ಬರುತ್ತಿದ್ದವು. ಬರುವುದಕ್ಕಿಂತ ಹೆಚ್ಚು ಖರ್ಚಿಗಿಟ್ಟರೆ ಕಟ್ಟುವ ಕೆಲಸವೆಲ್ಲ ಕುಂಟುತ್ತಿತ್ತು.

ಈ ದಾರಿಯಲ್ಲಿ ನನಗೆ ಬಲು ಇಷ್ಟವಾದದ್ದು ಮಿಂಡಸ್ಟ್ರಿ. ಓಪನ್ ಸೋರ್ಸ್ ಆಟ, ಮೊಬೈಲ್‌ನಲ್ಲೂ ಓಡುತ್ತದೆ, ನೆಟ್‌ವರ್ಕ್ ಬೇಕಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಇದು ಸಣ್ಣ ಮಾತಲ್ಲ. ಡ್ರಿಲ್ ತಾಮ್ರ ತೆಗೆಯುತ್ತದೆ, ಕನ್ವೇಯರ್ ಬೆಲ್ಟ್ ಅದನ್ನು ಟರೆಟ್ ಎಂಬ ತಿರುಗು ಬಂದೂಕಿಗೆ ಒಯ್ಯುತ್ತದೆ, ಆಗ ಟರೆಟ್ ಅದನ್ನೇ ಗುಂಡಾಗಿ ಹಾರಿಸುತ್ತದೆ. ತಾಮ್ರದ ಬದಲು ಗ್ರಾಫೈಟ್ ಕೊಟ್ಟರೆ ಏಟು ಜೋರು. ಶತ್ರು ಬಂದು ನಡುವಿನ ಒಂದು ತುಂಡು ಬೆಲ್ಟ್ ಒಡೆದನೋ, ಎಷ್ಟು ದೊಡ್ಡ ಟರೆಟ್ ಇದ್ದರೂ ಸ್ವಲ್ಪ ಹೊತ್ತಿಗೆ ಬಾಯಿ ಮುಚ್ಚುತ್ತದೆ. ಸೋತಾಗ ಬೆರಳನ್ನು ದೂರುವ ಹಾಗಿಲ್ಲ. ಬೆಲ್ಟನ್ನು ಬಯಲಲ್ಲಿ ಎಳೆದದ್ದು ನಮ್ಮದೇ ತಪ್ಪು.

ಫ್ಯಾಕ್ಟೋರಿಯೊ ಇನ್ನೂ ಆಳಕ್ಕೆ ಹೋಗುತ್ತದೆ. ಪ್ರಾಗ್‌ನ ವುಬೆ ಸಾಫ್ಟ್‌ವೇರ್‌ನ ಈ ಆಟ 2020ರ ಆಗಸ್ಟ್‌ನಲ್ಲಿ 1.0, ಅಂದರೆ ಪೂರ್ಣ ಆವೃತ್ತಿ, ಆಯಿತು. ಅಲ್ಲಿ ಶತ್ರು ಸುಮ್ಮಸುಮ್ಮನೆ ಬರುವುದಿಲ್ಲ. ನಿಮ್ಮ ಬಾಯ್ಲರ್, ಕುಲುಮೆ, ಗಣಿಗಳ ಹೊಗೆ ಹರಡಿ ಬೈಟರ್ ಎಂಬ ಹುಳುಗಳ ಗೂಡಿಗೆ ಮುಟ್ಟಿದಾಗ ಅವು ಗುಂಪು ಕಟ್ಟಿ ಹೊರಡುತ್ತವೆ. ಮರಗಳು ಹೊಗೆ ಹೀರುತ್ತವೆ, ಹಾಗಾಗಿ ಕಾಡು ಕಡಿದಷ್ಟೂ ದಾಳಿ ಹತ್ತಿರ. ನಮ್ಮಲ್ಲಿ ಹಲಸು ಹಣ್ಣಾಗುವ ಹೊತ್ತಿಗೆ ಆನೆ ಕಾಫಿ ತೋಟಕ್ಕೆ ಇಳಿಯುತ್ತದೆ. ಬೆಳೆದದ್ದು ನಾವು, ಕರೆದದ್ದೂ ನಾವೇ. ಆ ಮಾದರಿಯ ಶತ್ರು ಇದು. ಅವನನ್ನು ಆಟದಿಂದ ತೆಗೆದರೆ ಹೊಗೆಗೆ ಅರ್ಥವಿಲ್ಲ, ಸೌರ ಫಲಕ ಹಾಕಲು ಅರ್ಧ ಕಾರಣವೂ ಇಲ್ಲ. ಸಾದಾ ಗುಂಡಿನ ಒಂದು ಮ್ಯಾಗಜೀನ್‌ಗೆ 4 ಕಬ್ಬಿಣದ ತಗಡು. ಅದೇ ತಗಡು ಗೇರ್‌ಗೂ ಬೇಕು, ಬೆಲ್ಟಿಗೂ ಬೇಕು. ಯಾವುದಕ್ಕೆ ಮೊದಲು? ಯುದ್ಧವಿಲ್ಲದಿದ್ದರೆ ಈ ಪ್ರಶ್ನೆಗೆ ‘ನಿಧಾನಕ್ಕೆ ಎಲ್ಲದಕ್ಕೂ’ ಎಂದು ಉತ್ತರಿಸಿ ಕಾಫಿ ಕುಡಿಯಲು ಎದ್ದು ಹೋಗಬಹುದು. ಅದೂ ಒಂದು ಸುಖವೇ, ಇಲ್ಲವೆನ್ನಲಾರೆ. ಆದರೆ ಗಿರಾಕಿಯೇ ಇಲ್ಲದ ಕಾರ್ಖಾನೆ ಎಷ್ಟು ದಿನ ಹಿಡಿದು ಕೂರಿಸೀತು?

ವಿರೋಧ: ಎರಡು ಗಡಿಯಾರ, ಒಂದು ಜೊತೆ ಕಣ್ಣು
(ಮಡಿಕೇರಿಯಿಂದ)

ಸಿದ್ದಾಪುರದ ಗೆಳೆಯರು ಜಾಣತನದಿಂದ ಒಳ್ಳೆಯ ಉದಾಹರಣೆಗಳನ್ನೇ ಆರಿಸಿಕೊಂಡಿದ್ದಾರೆ. ಮಿಂಡಸ್ಟ್ರಿಯಲ್ಲೂ ಫ್ಯಾಕ್ಟೋರಿಯೊದಲ್ಲೂ ಹೆಚ್ಚಿನ ಹೊತ್ತು ನಡೆಯುವುದು ಕೋಟೆ ಕಾಯುವ ಕೆಲಸ. ಗೋಡೆ, ಟರೆಟ್, ಗುಂಡಿನ ಬೆಲ್ಟ್. ಅದನ್ನೂ ಕಾರ್ಖಾನೆಯ ಒಂದು ವಿಭಾಗ ಅನ್ನಬಹುದು, ನನ್ನ ತಕರಾರಿಲ್ಲ. ನಾವು ಮಾತಾಡಬೇಕಾದದ್ದು ನಿಜವಾದ ಸ್ಟ್ರಾಟೆಜಿ ಯುದ್ಧದ ಬಗ್ಗೆ: ಎರಡೂ ಕಡೆ ಆಟಗಾರರು, ದಳಗಳನ್ನು ನಡೆಸಬೇಕು, ಸುತ್ತುಹಾಕಬೇಕು, ಹಿಂದೆ ಸರಿಸಬೇಕು. ಅದನ್ನು ಕಾರ್ಖಾನೆಯೊಡನೆ ಕಟ್ಟಿದರೆ ಎರಡೂ ಕೆಡುತ್ತವೆ.

ಯುದ್ಧದ ಗಡಿಯಾರ ಸೆಕೆಂಡಿನದು. ಚಕಮಕಿಯ ನಡುವೆ ಕಣ್ಣು ತೆಗೆದರೆ ದಳ ಹೋಯಿತು. ಕಾರ್ಖಾನೆಯದು ಗಂಟೆಗಳ ಗಡಿಯಾರ. ಎಲ್ಲೋ ಒಂದು ಕಡೆ ತಾಮ್ರ ಕಡಿಮೆ ಬೀಳುತ್ತಿದೆ, ಎಲ್ಲಿ ಎಂದು ಬೆಲ್ಟಿನ ಜಾಡು ಹಿಡಿದು ಹಿಂದಕ್ಕೆ ಹೋಗಬೇಕು, ಕಿತ್ತು ಮತ್ತೆ ಹಾಕಬೇಕು, ನಿಂತು ನೋಡಬೇಕು. ಈ ನಿಂತು ನೋಡುವುದರಲ್ಲೇ ಆಟದ ಮುಕ್ಕಾಲು ಸುಖ. ಆಟಗಾರನಿಗೆ ಇರುವುದು ಒಂದು ಜೊತೆ ಕಣ್ಣು. ಇತ್ತ ನೋಡಿದರೆ ಅತ್ತ ಸೋಲು.

ಇದಕ್ಕೆ ಆಟ ಮಾಡುವವರು ಹುಡುಕುವ ಮದ್ದು ಎರಡು. ಸೈನ್ಯ ತನ್ನಷ್ಟಕ್ಕೆ ಕಾದಾಡಲಿ ಎಂದು ಬಿಟ್ಟರೆ ಯುದ್ಧ ಸಾಮಾನು ನುಂಗುವ ಇನ್ನೊಂದು ಡಬ್ಬಿ ಅಷ್ಟೆ. ಅದಕ್ಕೆ ಸ್ಟ್ರಾಟೆಜಿ ಎಂದು ಹೆಸರಿಡುವುದೇಕೆ? ಇಲ್ಲ, ಕಾರ್ಖಾನೆಯನ್ನು ಸರಳ ಮಾಡಿದರೆ, ನಾಲ್ಕು ಬೆಲ್ಟು ಎರಡು ಕುಲುಮೆಗೆ ಇಳಿಸಿದರೆ, ಅದು ಸ್ಟಾರ್‌ಕ್ರಾಫ್ಟ್‌ನ ಬ್ಯಾರಕ್ಸ್‌ಗೇ ಸ್ವಲ್ಪ ಉದ್ದದ ಬಾಗಿಲು ಇಟ್ಟ ಹಾಗಾಯಿತು. ಮಲ್ಟಿಪ್ಲೇಯರ್‌ನಲ್ಲಂತೂ ಇನ್ನೂ ಕಷ್ಟ. ಮನೆಯಲ್ಲಿ ಪುರುಸೊತ್ತಾಗಿ ತಯಾರಿಸಿಟ್ಟ ಬ್ಲೂಪ್ರಿಂಟ್ (ಕಾರ್ಖಾನೆಯ ಸಿದ್ಧ ನಕ್ಷೆ) ತಂದು ಇಳಿಸಿದವನು ಮೊದಲ ಹತ್ತು ನಿಮಿಷಕ್ಕೇ ಮುಂದೆ. ಬ್ಲೂಪ್ರಿಂಟ್ ಬೇಡ ಎಂದು ನಿಷೇಧಿಸಿದರೆ ಮತ್ತೆ ಬೆರಳಿನ ಓಟ. ಹೈಸ್ಕೂಲ್ ಹುಡುಗರಿಂದ ತಪ್ಪಿಸಿಕೊಳ್ಳಲು ಹೊರಟ ಗೆಳೆಯರು ತಿರುಗಿ ಅವರ ಕೈಗೇ ಬೀಳುತ್ತಾರೆ.

ಆಟ ಮಾಡಿದವರೇ ಇದನ್ನು ಒಪ್ಪಿಕೊಂಡ ಹಾಗಿದೆ. ಫ್ಯಾಕ್ಟೋರಿಯೊ ಶುರುವಾಗುವ ಮೊದಲೇ ಶತ್ರುಗಳನ್ನು ಪೂರ್ತಿ ತೆಗೆದುಹಾಕಬಹುದು. ಡೈಸನ್ ಸ್ಫಿಯರ್ ಪ್ರೋಗ್ರಾಂ ಎಂಬ ಇನ್ನೊಂದು ಕಾರ್ಖಾನೆ ಆಟ 2021ರ ಜನವರಿಯಲ್ಲಿ ಬಂದಾಗ ಅದರಲ್ಲಿ ಶತ್ರುವೇ ಇರಲಿಲ್ಲ. ‘ಡಾರ್ಕ್ ಫಾಗ್’ ಎಂಬ ಶತ್ರು ಸೇರಿದ್ದು 2023ರ ಡಿಸೆಂಬರ್‌ನಲ್ಲಿ, ಅದನ್ನೂ ಬೇಡವೆನ್ನಬಹುದು. ಸ್ಯಾಟಿಸ್ಫ್ಯಾಕ್ಟರಿ ಎಂಬ ಕಾರ್ಖಾನೆ ಆಟದ ಪ್ರಾಣಿಗಳು ನಿಮ್ಮ ಮೈಮೇಲೆ ಬೀಳುತ್ತವೆ, ಕಟ್ಟಡಕ್ಕೆ ಬಾಯಿ ಹಾಕುವುದಿಲ್ಲ. ಗಿರಾಕಿಯಿಲ್ಲದ ಕಾರ್ಖಾನೆ ಎಷ್ಟು ದಿನ ಹಿಡಿದು ಕೂರಿಸೀತು ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಇದೆ: ಸೈನ್ಯವಿಲ್ಲದೆ ಜನ ವರ್ಷಗಟ್ಟಲೆ ಆಡಿದ್ದಾರೆ. ಮುಂದಿನ ಬೆಲ್ಟೇ ಹಿಂದಿನ ಬೆಲ್ಟಿನ ಗಿರಾಕಿ.

ಆನೆಯ ಮಾತು ಎತ್ತಿದ್ದು ಅವರೇ, ಹಾಗಾಗಿ ಹೇಳುತ್ತೇನೆ. ಆನೆ ಬಂದರೆ ನಾವು ಸೋಲಾರ್ ಬೇಲಿ ಹಾಕುತ್ತೇವೆ, ಕಂದಕ ತೋಡುತ್ತೇವೆ, ಹಲಸನ್ನು ಎಳೆಯದಾಗಿರುವಾಗಲೇ ಕೆಡವುತ್ತೇವೆ, ಅರಣ್ಯ ಇಲಾಖೆಗೆ ಫೋನ್ ಮಾಡುತ್ತೇವೆ. ಫ್ಯಾಕ್ಟೋರಿಯೊದಲ್ಲಿ ಕೊನೆಗೆ ಏನು ಮಾಡುತ್ತೇವೆ? ಬೆಂಕಿಯುಗುಳುವ ಟರೆಟ್, ದೂರದಿಂದಲೇ ಗೂಡು ಪುಡಿಮಾಡುವ ಫಿರಂಗಿ. ಹೊಗೆ ಕಡಿಮೆ ಮಾಡುವುದಕ್ಕಿಂತ ಗೂಡು ಸುಡುವುದು ಸುಲಭ ಎಂದು ಆಟವೇ ಹೇಳಿಕೊಡುತ್ತದೆ. ಆ ಹೋಲಿಕೆಯಿಂದ ಗೆಳೆಯರ ವಾದಕ್ಕೆ ಬಲ ಬಂತೆಂದು ನನಗನಿಸುವುದಿಲ್ಲ.

ಇನ್ನು ನಮ್ಮೂರಿನ ಕರೆಂಟು. ಜುಲೈ ತಿಂಗಳಲ್ಲಿ ಮರ ಬಿದ್ದು ಲೈನ್ ಹೋದರೆ ಯುಪಿಎಸ್ ಇದ್ದಷ್ಟು ಹೊತ್ತು ಮಾತ್ರ ಆಟ. ಕಾರ್ಖಾನೆ ಆಟ ತನ್ನಷ್ಟಕ್ಕೆ ಸೇವ್ ಆಗಿರುತ್ತದೆ, ಕರೆಂಟು ಬಂದ ಮೇಲೆ ಬಿಟ್ಟಲ್ಲಿಂದ ಶುರು. ಎದುರು ಆಟಗಾರನಿರುವ ಯುದ್ಧದಲ್ಲಿ ಕರೆಂಟು ಹೋದರೆ ಸೋಲು ಬರೆದುಕೊಂಡ ಹಾಗೇ. ಎರಡು ಗಂಟೆ ಕೂತು ಕಟ್ಟಿದ ಕಾರ್ಖಾನೆಯೂ ಅದರ ಜೊತೆಗೇ ಹೋಗುತ್ತದೆ.

ಈ ಬೆರಕೆ ನನಗೆ ಒಪ್ಪಿಗೆಯಾಗುವ ಸಂದರ್ಭ ಒಂದೇ: ಒಂದು ಪಕ್ಷದಲ್ಲಿ ಇಬ್ಬರು ಆಡುವಾಗ. ಎರಡು ಗಡಿಯಾರಕ್ಕೆ ಎರಡು ಜೊತೆ ಕಣ್ಣು. ಗೆಳೆಯರು ಮಿಂಡಸ್ಟ್ರಿಗೆ ಕರೆಯುತ್ತಲೇ ಇದ್ದಾರೆ. ಬರುತ್ತೇನೆ, ಬೆಲ್ಟು ಗ್ರಾಫೈಟು ನನ್ನ ಪಾಲಿಗಿರಲಿ. ಕಾದಾಟ ಅವರೇ ನೋಡಿಕೊಳ್ಳಲಿ, ಗುಂಡು ಸಾಲಲಿಲ್ಲ ಎಂದು ನನ್ನನ್ನು ಬೈಯಬಾರದು.