ಒಂಬತ್ತಾದ ಮೇಲೆ ಹತ್ತು ಎಂಬ ನಂಬಿಕೆ

ಸೋರ್ಸ್ ಎಂಬ ಗೇಮ್ ಎಂಜಿನ್ನಿಗೆ ಮ್ಯಾಪ್, ಅಂದರೆ ಆಟದ ಅಂಗಳ, ಕಟ್ಟುವವರಿಗೆಲ್ಲ ವಿವಿಸ್ ಮೇಷ್ಟ್ರ ಪರಿಚಯ ಇದ್ದೇ ಇರುತ್ತದೆ. ಮ್ಯಾಪನ್ನು ಆಟಕ್ಕೆ ಸಿದ್ಧಪಡಿಸುವಾಗ (ಅದೇ ಕಂಪೈಲ್) ಎಲ್ಲಿಂದ ಏನು ಕಾಣುತ್ತದೆ ಎಂದು ಲೆಕ್ಕ ಹಾಕುವ ಉಪಕರಣ ಇದು; ಕೆಲಸ ಎಷ್ಟಾಯಿತು ಎಂದು ಹತ್ತರವರೆಗೆ ಎಣಿಸುತ್ತದೆ. ಸೊನ್ನೆ, ಒಂದು, ಎರಡು... ಆರರ ತನಕ ಒಂದೇ ಉಸಿರು. ಏಳಕ್ಕೆ ಕೆಮ್ಮು, ಎಂಟಕ್ಕೆ ಆಕಳಿಕೆ. ಒಂಬತ್ತು ಅಂದವರು ಕಣ್ಣು ಮುಚ್ಚಿ ಕೂತೇಬಿಡುತ್ತಾರೆ. ಸೋಮಾರಿತನ ಅಲ್ಲ ಪಾಪ. ಸುಲಭದ ಪೋರ್ಟಲ್‌ಗಳನ್ನು (ಮ್ಯಾಪಿನ ಒಂದು ಭಾಗದಿಂದ ಇನ್ನೊಂದಕ್ಕೆ ನೋಟ ಹಾಯುವ ಕಿಂಡಿಗಳನ್ನು) ಮೊದಲು ಮುಗಿಸಿ, ಕಗ್ಗಂಟನ್ನೆಲ್ಲ ಕೊನೆಗೆ ಎತ್ತಿಡುವುದು ಅವರ ಪದ್ಧತಿ. ಆ ಹತ್ತಕ್ಕಾಗಿ ರಾತ್ರಿಯೆಲ್ಲ ಕಾದು, ಆಮೇಲೆ ವಿರ್ಯಾಡ್ ಎಂಬ ಇನ್ನೊಂದು ಉಪಕರಣ ಬೆಳಕು ಹರಡಲು ಹೊರಟು, ಬೆಳಗ್ಗೆ ಎದ್ದು ಲಾಗ್ ನೋಡಿದರೆ ಕೊನೆಯಲ್ಲಿ ಒಂದೇ ಮಾತು: ಮೆಮೊರಿ ಸಾಲದು.

ಇದನ್ನು ಕೇಳಿದ ತಕ್ಷಣ "ರ‍್ಯಾಮ್ ಹಾಕ್ಸಿ" ಅನ್ನಲು ಒಬ್ಬರು ತಯಾರಾಗಿರುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಹಳೆಯ ಕಂಪೈಲ್ ಉಪಕರಣಗಳು 32 ಬಿಟ್‌ನವು. ವಿಂಡೋಸ್ ಅವಕ್ಕೆ ಸಾಮಾನ್ಯವಾಗಿ ಕೊಡುವುದು 2 ಜಿಬಿ ವಿಳಾಸದ ಜಾಗ, ಅಂದರೆ ಅವು ಮುಟ್ಟಬಲ್ಲ ಮೆಮೊರಿ ಅಷ್ಟೇ. 'ಲಾರ್ಜ್ ಅಡ್ರೆಸ್ ಅವೇರ್' ಎಂಬ ಗುರುತು ಹಚ್ಚಿದ್ದರೆ 64 ಬಿಟ್ ವಿಂಡೋಸ್‌ನಲ್ಲಿ 4 ಜಿಬಿ. ನಿಮ್ಮ ಕೆರೆ 64 ಜಿಬಿ ತುಂಬಿದ್ದರೇನು, ಉಪಕರಣದ ಕೈಯಲ್ಲಿರುವುದು ಅದೇ ಚೊಂಬು.

ಚೊಂಬು ತುಳುಕಿದ್ದು ಯಾಕೆ ಅಂತ ಹುಡುಕಿಕೊಂಡು ಹೋದರೆ ಬಹಳ ಸಲ ಸಿಗುವುದು ಒಂದು ದೊಡ್ಡ ಪೆಟ್ಟಿಗೆ. ಎರಡು ಗೋಡೆಗಳ ನಡುವೆ ಒಂದು ಯೂನಿಟ್ ಸಂದಿ ಬಿಟ್ಟಿತು ಅನ್ನಿ. ಮ್ಯಾಪ್ ಲೀಕ್ ಆಯಿತು, ಅಂದರೆ ಒಳಗಿನ ಜಾಗ ಹೊರಗಿನ ಶೂನ್ಯಕ್ಕೆ ತೆರೆದುಕೊಂಡಿತು. ಮ್ಯಾಪ್ ಕಟ್ಟುವ ತಂತ್ರಾಂಶವಾದ ಹ್ಯಾಮರ್‌ನಲ್ಲಿ ಮ್ಯಾಪ್ ಮೆನುವಿಗೆ ಹೋಗಿ ಪಾಯಿಂಟ್‌ಫೈಲ್ ಲೋಡ್ ಮಾಡಿದರೆ ಕೆಂಪು ಗೆರೆಯೊಂದು ಒಳಗಿನ ಯಾವುದೋ ದೀಪದಿಂದ ಹೊರಟು ನೇರ ಆ ಸಂದಿಗೇ ಕರೆದೊಯ್ಯುತ್ತದೆ. ಆದರೆ ಗೆರೆಯ ಹಿಂದೆ ಹೋಗುವ ತಾಳ್ಮೆ ಯಾರಿಗಿದೆ? ಇಡೀ ಮ್ಯಾಪಿನ ಸುತ್ತ ಆಕಾಶದ ಟೆಕ್ಸ್ಚರ್ ಹಚ್ಚಿದ ಆರು ಗೋಡೆ ಎಬ್ಬಿಸಿದರೆ ಆಯಿತಲ್ಲ! ಒಂದು ಹೆಂಚು ಒಡೆದಿದ್ದಕ್ಕೆ ಊರಿಗೇ ಚಪ್ಪರ. ಲೀಕ್ ನಿಂತಿತೇ? ನಿಂತಿತು. ಈಗ ಹೊರಗಿದ್ದದ್ದೆಲ್ಲ 'ಒಳಗೆ' ಸೇರಿತು. ಕಂಪೈಲರ್ ಕತ್ತರಿಸಿ ಎಸೆಯಬೇಕಿದ್ದ ಗೋಡೆಗಳ ಬೆನ್ನು, ನೆಲದ ಅಡಿಭಾಗ, ಎಲ್ಲಕ್ಕೂ ಲೈಟ್‌ಮ್ಯಾಪ್, ಅಂದರೆ ಬೆಳಕು-ನೆರಳಿನ ಲೆಕ್ಕದ ಪದರ. ಯಾವ ಆಟಗಾರನೂ ಹೋಗಲಾಗದ ಶೌಚಾಲಯದ ಚಾವಣಿಯ ಮೇಲೆ ರಾತ್ರಿಯೆಲ್ಲ ಸೂರ್ಯೋದಯ. ಲಾಗ್‌ನಲ್ಲಿ 'ಟ್ರಾನ್ಸ್‌ಫರ್ ಲಿಸ್ಟ್ಸ್' ಮುಂದೆ ಎಷ್ಟು ಮೆಗ್ ಅಂತ ಬರೆದಿರುತ್ತದೆ, ನೋಡಿ: ಪರಸ್ಪರ ಬೆಳಕು ಚೆಲ್ಲಬಲ್ಲ ತುಂಡುಗಳ ಜೋಡಿಗಳ ಪಟ್ಟಿ ಅದು. ತುಂಡುಗಳು ಎರಡು ಪಟ್ಟಾದರೆ ಜೋಡಿಗಳು ನಾಲ್ಕು ಪಟ್ಟಿನವರೆಗೆ ಏರಬಹುದು. ಇಷ್ಟಾದರೂ ಪೆಟ್ಟಿಗೆಪ್ರಿಯರಿಗೆ ಅನುಮಾನ ಬೇರೆ ಕಡೆ: "ಪೆಟ್ಟಿಗೆ ಸ್ವಲ್ಪ ಚಿಕ್ಕದಾಯ್ತೇನೋ."

ಇನ್ನೊಂದು ಚಪಲ, ಲೈಟ್‌ಮ್ಯಾಪ್ ಸ್ಕೇಲ್. ಸಂಖ್ಯೆ ಚಿಕ್ಕದಾದಷ್ಟೂ ನೆರಳು ಚೂಪು; ಮೊದಲಿಗೆ ಇರುವುದು 16. ಕಿಟಕಿಯ ನೆರಳು ಚೂಪಾಗಲಿ ಅಂತ 4 ಮಾಡಿದರೆ ಅಷ್ಟೇ ಜಾಗದಲ್ಲಿ ಹದಿನಾರು ಪಟ್ಟು ಲೆಕ್ಕ. ಕಿಟಕಿಯೆದುರಿನ ನೆಲಕ್ಕೆ ಮಾಡಿ, ತಪ್ಪಿಲ್ಲ. ಎಲ್ಲವನ್ನೂ ಆಯ್ದು ಒಂದೇ ಏಟಿಗೆ ಮಾಡಬೇಡಿ. ಕಾಣದ ಮುಖಗಳಿಗೆ, ಬಿಡಿಸಬೇಡ ಎಂದು ಹೇಳುವ ನೋಡ್ರಾ ಟೆಕ್ಸ್ಚರ್ ಹಚ್ಚಿ. ('ಮ್ಯಾಕ್ಸ್ ಮ್ಯಾಪ್' ಅಂತ ಶುರುವಾಗುವ ಎರರ್ ಬೇರೆ ಜಾತಿಯದು, ಮೆಮೊರಿಯದಲ್ಲ. ಬ್ರಷ್‌ಗಳಿಗೆ, ಅಂದರೆ ಮ್ಯಾಪ್ ಕಟ್ಟುವ ಘನ ತುಂಡುಗಳಿಗೆ, ಸೋರ್ಸ್‌ನ ಮೂಲ ಮಿತಿ 8192, ಅಲ್ಲಿ ಚೌಕಾಸಿಯಿಲ್ಲ.)

ಕಾರಣ ಸಿಗದಿದ್ದರೆ ಕಾರ್ಡನ್ (ಕಂಪೈಲ್ ಆಗಬೇಕಾದ ಭಾಗದ ಸುತ್ತ ಹಾಕುವ ಎಲ್ಲೆ) ಎಳೆದು ಅರ್ಧ ಮ್ಯಾಪನ್ನಷ್ಟೇ ಕಂಪೈಲ್ ಮಾಡಿ. ದಾಟಿತೇ, ಉಳಿದರ್ಧ ನೋಡಿ. ಕೆಟ್ಟದ್ದರಲ್ಲಿ ಮತ್ತೆ ಅರ್ಧ. ಹೀಗೆ ಅರ್ಧಿಸುತ್ತ ಹೋದರೆ ಕಳ್ಳ ಸಿಗುತ್ತಾನೆ, ಮತ್ತು ಬೇಜಾರಾಗುವುದು ಅಲ್ಲೇ. ಸಿಗುವುದು ನಾವು ಬೇಕಾಬಿಟ್ಟಿ ಎಬ್ಬಿಸಿದ ಗೋದಾಮಲ್ಲ. ಇಡೀ ಭಾನುವಾರ ಕೂತು ಕೆತ್ತಿದ ಸುರುಳಿ ಮೆಟ್ಟಿಲು, ಮೂವತ್ತೆರಡು ಮುಖದ ಕಂಬಗಳು. ಆಡುವವರು ಅದರ ಪಕ್ಕ ಗುಂಡು ಹಾರಿಸುತ್ತ ಓಡಿಹೋಗುತ್ತಾರೆ, ತಲೆ ಎತ್ತಿಯೂ ನೋಡುವುದಿಲ್ಲ.

ಅಳಿಸಬೇಕಿಲ್ಲ. ಕಂಬ, ಮೆಟ್ಟಿಲುಗಳನ್ನು ಫಂಕ್ ಡೀಟೇಲ್ (ನೋಟದ ಲೆಕ್ಕಕ್ಕೆ ಬಾರದ ಅಲಂಕಾರದ ಬ್ರಷ್) ಮಾಡಿದರೆ ವಿವಿಸ್ ಅವುಗಳ ಗೊಡವೆಗೆ ಬರುವುದಿಲ್ಲ. ಆ ಹುರುಪಿನಲ್ಲಿ ಹೊರಗೋಡೆಯನ್ನೂ ಡೀಟೇಲ್ ಮಾಡಿಬಿಟ್ಟರೆ ಮಾತ್ರ ಮತ್ತೆ ಲೀಕ್, ಯಾಕೆಂದರೆ ಡೀಟೇಲ್ ಬ್ರಷ್ ಮ್ಯಾಪನ್ನು ಮುಚ್ಚುವುದಿಲ್ಲ. ಆಗ ಪೆಟ್ಟಿಗೆಯ ಕಡೆಗೆ ಕೈ ತಾನಾಗಿಯೇ ಹೋಗುತ್ತದೆ; ತಡೆಯಿರಿ, ಕೆಂಪು ಗೆರೆಯ ಹಿಂದೆ ಹೋಗಿ. ಸಂದಿ ಮುಚ್ಚಿ ಕಂಪೈಲ್ ಒತ್ತಿದರೆ ಮೇಷ್ಟ್ರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಸೊನ್ನೆ, ಒಂದು, ಎರಡು...